ಓದಿದವರ ಓಟು, ಓದದವರ ಓಟು

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಪತ್ರಗಳು ಸುತ್ತಿ ಬಳಸಿ ಒಂದೇ ಮಾತಿಗೆ ಬಂದು ನಿಂತಿವೆ. ಯಾರ ಓಟಿನಲ್ಲಿ ಬುದ್ಧಿ ಇದೆ, ಯಾರದರಲ್ಲಿ ಇಲ್ಲ ಅಂತ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಪೂರ್ತಿ ಜಾಗ ಇವಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಎಂಜಿನಿಯರ್. ಊರು ಮಂಡ್ಯ ಕಡೆ. ಊರಲ್ಲಿ ಜಾತಿ ನೋಡಿ, ದುಡ್ಡು ಇಸ್ಕೊಂಡು ಓಟು ಹಾಕ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತೆ. ಗಾಡಿ ಓಡಿಸೋಕೆ ಲೈಸೆನ್ಸ್ ಬೇಕು, ಪರೀಕ್ಷೆ ಇದೆ. ಓಟಿಗೆ ಯಾಕಿಲ್ಲ? ಡಿಗ್ರಿ ಆದವರಿಗೆ ಮಾತ್ರ ಓಟು ಅಂತ ಮಾಡಿದರೆ ದೇಶ ಸುಧಾರಿಸುತ್ತೆ ಅಲ್ವಾ?

ಉತ್ತರ: ಸುಧಾರಿಸಲ್ಲ. ಯಾಕೆ ಇಷ್ಟು ಖಡಾಖಂಡಿತ ಹೇಳ್ತೀನಿ ಅಂದರೆ, ಡಿಗ್ರಿ ಆದವರು ಮಾತ್ರ ಓಟು ಹಾಕುವ ಚುನಾವಣೆ ನಮ್ಮ ರಾಜ್ಯದಲ್ಲಿ ಈಗಲೇ ನಡೆಯುತ್ತಿದೆ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರ ಕ್ಷೇತ್ರದವು, ಇನ್ನು 7 ಶಿಕ್ಷಕರ ಕ್ಷೇತ್ರದವು. ಅಲ್ಲಿ ಜಾತಿ ಲೆಕ್ಕ ನಿಂತಿದೆಯಾ? ಟಿಕೆಟ್ ಹಂಚುವಾಗ ಯಾವ ಸಮುದಾಯದ ಮತದಾರರು ಎಷ್ಟಿದ್ದಾರೆ ಅಂತ ಪಕ್ಷಗಳು ಅಲ್ಲೂ ಎಣಿಸುತ್ತವೆ. ಓಟು ಹಾಕುವ ರೀತಿಯನ್ನೇ ನೋಡಿ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ ಹೆಸರಿನ ಮುಂದೆ 1 ಅಂತ ಬರೆದರೆ ಸಾಕು. ಬೇಕಿದ್ದರೆ ಉಳಿದವರಿಗೆ 2, 3. ಟಿಕ್ ಹಾಕಬಾರದು, ಅಕ್ಷರದಲ್ಲಿ ಬರೆಯಬಾರದು, ಸಹಿ ಮಾಡಬಾರದು. ಇಷ್ಟೇ ನಿಯಮ. ಆದರೂ ಎಣಿಕೆಯ ದಿನ ಸಾವಿರಗಟ್ಟಲೆ ಮತ ತಿರಸ್ಕೃತ ಆಗುತ್ತವೆ. ಪದವೀಧರರನ್ನು ಹೀಯಾಳಿಸೋಕೆ ಇದನ್ನು ಹೇಳುತ್ತಿಲ್ಲ, ನಾನೂ ಅಲ್ಲಿ ಓಟು ಹಾಕುವವನೇ. ಡಿಗ್ರಿ ನಮ್ಮನ್ನು ಒಂದು ವಿಷಯದಲ್ಲಿ ಪಳಗಿಸುತ್ತೆ. ಮಿಕ್ಕಿದ್ದರಲ್ಲಿ ನಾವೂ ಎಲ್ಲರಂತೆ ಇರುತ್ತೇವೆ.

ಇನ್ನೊಂದು. ಓಟಿನ ಬೆಲೆ ಗೊತ್ತಿರುವವರು ಯಾರು ಅಂತ ನೋಡೋಣ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಲ್ಲಿ ಓಟು ಹಾಕಿದವರು ಶೇ 53ರಷ್ಟು. ನಿಮ್ಮ ಮಂಡ್ಯದಲ್ಲಿ ಶೇ 81ಕ್ಕಿಂತ ಜಾಸ್ತಿ. ಬೆಂಗಳೂರಿನ ಪರವಾಗಿ ಒಂದು ಮಾತು ಹೇಳಲೇಬೇಕು. ಬಾಡಿಗೆ ಮನೆ ಬದಲಾಯಿಸಿಕೊಂಡು ಹೋದವರ ಹೆಸರು ಹಳೇ ಪಟ್ಟಿಯಲ್ಲೇ ಉಳಿದಿರುತ್ತೆ, ಎರಡೆರಡು ಕಡೆ ಹೆಸರು ಇರುತ್ತೆ, ಹಾಗಾಗಿ ನಿಜವಾದ ಪ್ರಮಾಣ ಇನ್ನೂ ಸ್ವಲ್ಪ ಮೇಲಿರಬಹುದು. ಆದರೂ 28 ಅಂಕದ ಅಂತರ ಪೂರ್ತಿ ಅದರಿಂದಲೇ ಬಂದಿದ್ದು ಅಂತ ಹೇಳೋಕೆ ಆಗಲ್ಲ.

ಜಾತಿ ವಿಷಯಕ್ಕೆ ಬರೋಣ. ನಿಮ್ಮ ಊರಿನ ಒಬ್ಬ ಅಜ್ಜಿಗೆ ವೃದ್ಧಾಪ್ಯ ವೇತನ ನಾಲ್ಕು ತಿಂಗಳಿಂದ ಬಂದಿಲ್ಲ ಅಂದ್ಕೊಳ್ಳಿ. ನಿಮಗಾದರೆ ಆನ್‌ಲೈನ್‌ನಲ್ಲಿ ದೂರು ಕೊಡಲು ಬರುತ್ತೆ, ಇಲ್ಲ ಅಂದರೆ ಜೊತೆಗೆ ಓದಿದ ಯಾರೋ ಒಬ್ಬರು ಆಫೀಸರ್ ಆಗಿರುತ್ತಾರೆ, ಫೋನ್ ಮಾಡಿದರೆ ಕೆಲಸ ಆಗುತ್ತೆ. ಆ ಅಜ್ಜಿ ತಾಲೂಕು ಕಚೇರಿಯ ಕಟ್ಟೆ ಮೇಲೆ ಬೆಳಗ್ಗೆ ಹತ್ತರಿಂದ ಕೂತಿರುತ್ತಾಳೆ. ಒಳಗೆ ಹೋಗಿ ಕೇಳೋಕೆ ಅವಳಿಗೆ ಇರುವುದು ‘ನಮ್ಮೋನು’ ಅನ್ನುವ ಒಂದು ಎಳೆ ಮಾತ್ರ. ಆ ಎಳೆ ಹಿಡಿದು ಓಟು ಹಾಕುವುದು ದಡ್ಡತನ ಅಲ್ಲ. ಆಫೀಸು ಎಲ್ಲರ ಕೆಲಸವನ್ನೂ ಒಂದೇ ಥರ ಮಾಡಿಕೊಡುವಂತಾದರೆ ಆ ಎಳೆ ತಾನಾಗಿ ಸಡಿಲ ಆಗುತ್ತೆ. ದುಡ್ಡು ಇಸ್ಕೊಳ್ಳೋದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೋಟಿಗಟ್ಟಲೆ ದುಡ್ಡು ಹೊಂದಿಸಿ, ಬೂತ್‌ವಾರು ಪಟ್ಟಿ ಮಾಡಿ ಹಂಚುವವರು ಓದಿದವರೇ. ಐನೂರು ರೂಪಾಯಿ ತಗೊಂಡವಳ ಮೇಲೆ ಬರುವ ಸಿಟ್ಟು ಅವರ ಮೇಲೆ ಯಾಕೆ ಬರಲ್ಲ?

ಈ ವಾದ ಹೊಸದಲ್ಲ. 1929ರಲ್ಲಿ, ಬ್ರಿಟಿಷರು ಕಳಿಸಿದ್ದ ಸೈಮನ್ ಆಯೋಗಕ್ಕೆ ಕೊಟ್ಟ ವರದಿಯಲ್ಲಿ ಅಂಬೇಡ್ಕರ್ ಇದಕ್ಕೆ ನೇರ ಉತ್ತರ ಕೊಟ್ಟಿದ್ದರು. ಓದು ಬರಹ ಬಂದವರಿಗೇ ಓಟು ಅನ್ನುವವರು ಎರಡು ತಪ್ಪು ಮಾಡುತ್ತಾರೆ ಅಂತ. ಓದು ಬಾರದವನಿಗೆ ಬುದ್ಧಿ ಇಲ್ಲ ಅಂದುಕೊಳ್ಳುವುದು ಒಂದು, ಓದು ಬಂದವನಿಗೆ ಅವನಿಗಿಂತ ಜಾಸ್ತಿ ಬುದ್ಧಿ ಇದೆ ಅಂದುಕೊಳ್ಳುವುದು ಇನ್ನೊಂದು. ಇದನ್ನು ಬರೆದವರು ಕೊಲಂಬಿಯಾದಲ್ಲೂ ಲಂಡನ್ನಿನಲ್ಲೂ ಡಾಕ್ಟರೇಟ್ ಪಡೆದವರು, ಆ ಕಾಲಕ್ಕೆ ದೇಶದಲ್ಲಿ ಅವರಷ್ಟು ಓದಿದವರು ಬೆರಳೆಣಿಕೆಯಷ್ಟು. ಶಾಲೆಯಲ್ಲಿ ಬೇರೆ ಮಕ್ಕಳಿಂದ ದೂರ ಕೂರಿಸಿದ್ದನ್ನು ಸ್ವತಃ ಅನುಭವಿಸಿದವರು. ಓದಿನ ಷರತ್ತು ಹಾಕಿದರೆ ಮೊದಲು ಹೊರಗೆ ಬೀಳುವವರು ಯಾರು ಅಂತ ಅವರಿಗೆ ಗೊತ್ತಿತ್ತು.

1951-52ರ ಮೊದಲ ಚುನಾವಣೆಯಲ್ಲಿ ಮತದಾರರು ಸುಮಾರು 17 ಕೋಟಿ. 1951ರ ಜನಗಣತಿ ಪ್ರಕಾರ ಓದು ಬಂದವರು ನೂರಕ್ಕೆ 18. ಹಾಗಾಗಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಟ್ಟು, ಅದರ ಮೇಲೆ ಚಿಹ್ನೆ ಅಂಟಿಸಿ, ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿ ಅಂದರು. ಹೊರಗಿನ ಎಷ್ಟೋ ಜನ ಇದು ಮುರಿದು ಬೀಳುತ್ತೆ ಅಂದಿದ್ದರು. ಬೀಳಲಿಲ್ಲ.

ನಾನು ಮೇಷ್ಟ್ರಾಗಿದ್ದಾಗ ಹಲವು ಸಲ ಚುನಾವಣೆ ಡ್ಯೂಟಿ ಮಾಡಿದ್ದೇನೆ. ಒಂದು ಸಲ ಮಸಿ ಹಚ್ಚುವ ಕೆಲಸ ನನ್ನದು. ಎಂಬತ್ತರ ಹತ್ತಿರದ ಒಬ್ಬ ಅಜ್ಜಿ ಬಂದರು. ಹೆಬ್ಬೆಟ್ಟು ಒತ್ತಿದರು, ಎಡಗೈ ತೋರುಬೆರಳು ಮುಂದೆ ಮಾಡಿದರು. ಬೆರಳ ತುದಿಯಲ್ಲಿ ಹುಣಸೆಹಣ್ಣು ಬಿಡಿಸಿದ ಕಪ್ಪು ಹಾಗೇ ಇತ್ತು. ನಮ್ಮ ಮೈಸೂರಿನ ಕಾರ್ಖಾನೆಯ ಮಸಿ ಅದರ ಮೇಲೆ ಕಾಣಿಸುತ್ತೋ ಇಲ್ಲವೋ ಅಂತ ಉಗುರಿನ ಬುಡದವರೆಗೂ ಗೆರೆ ಎಳೆದೆ. ಒಳಗೆ ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಏನಾಯ್ತಜ್ಜಿ ಅಂತ ಕೇಳಿದರೆ, ‘ತಡಿಯಪ್ಪ, ಚೀಟಿ ಬೀಳ್ಲಿ’ ಅಂದರು. ಓಟು ಯಾರಿಗೆ ಬಿತ್ತು ಅಂತ ತೋರಿಸುವ ವಿವಿಪ್ಯಾಟ್ ಯಂತ್ರದ ಕಿಟಕಿಯಲ್ಲಿ ಚೀಟಿ ಏಳು ಸೆಕೆಂಡ್ ಕಾಣಿಸುತ್ತೆ. ಒತ್ತಿದ ಗುರುತೇ ಬಂದಿದೆಯಾ ಅಂತ ಪೂರ್ತಿ ನೋಡಿಕೊಂಡು, ಚೀಟಿ ಕೆಳಗೆ ಬಿದ್ದ ಮೇಲೆ ಹೊರಟರು. ಆ ದಿನ ನಮ್ಮ ಬೂತಿನಲ್ಲಿ ಓಟು ಹಾಕಿದ ನಮ್ಮಂಥ ಮೇಷ್ಟ್ರುಗಳು ಗುಂಡಿ ಒತ್ತಿದ ಕೂಡಲೇ ಹೊರಗೆ ಬಂದಿದ್ದೆವು.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದೇವೆ. ಇಲ್ಲಿ ಪ್ರತಿ ಚುನಾವಣೆಯಲ್ಲೂ ಕಾಲೇಜು ಓದಿದವರು ಹೀಗೆ, ಓದದವರು ಹಾಗೆ, ಬಿಳಿಯರು ಹೀಗೆ, ಕಪ್ಪು ಜನ ಹಾಗೆ ಅಂತ ಟಿವಿಯಲ್ಲಿ ಲೆಕ್ಕ ಕೊಡ್ತಾರೆ. ಓದದ ಬಿಳಿಯರಿಗೆ ಬುದ್ಧಿ ಕಮ್ಮಿ ಅಂತ ನಮ್ಮ ಸ್ನೇಹಿತರ ಗುಂಪಿನಲ್ಲೂ ಮಾತು ಬರುತ್ತೆ. ಭಾರತೀಯರು ಇಲ್ಲಿ ಎಲ್ಲರಿಗಿಂತ ಬುದ್ಧಿವಂತರು ಅಂತಲೂ ಹೇಳ್ಕೋತಾರೆ. ಮಕ್ಕಳು ಕೇಳ್ತಾ ಕೂತಿರ್ತಾರೆ. ಇದಕ್ಕೆ ಏನು ಹೇಳಬೇಕು?

ಉತ್ತರ: ಮಕ್ಕಳು ಕೇಳ್ತಾ ಕೂತಿರ್ತಾರೆ ಅಂದಿದ್ದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಲೆಕ್ಕ ಸುಳ್ಳಲ್ಲ. 2016ರಲ್ಲಿ ನಿಜವಾಗಿ ಓಟು ಹಾಕಿದವರನ್ನು ಗುರುತಿಸಿ ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ ಮಾಡಿದ ಸಮೀಕ್ಷೆಯಲ್ಲಿ, ಡಿಗ್ರಿ ಇಲ್ಲದ ಬಿಳಿಯರಲ್ಲಿ ಶೇ 64 ಜನ ರಿಪಬ್ಲಿಕನ್ ಪಕ್ಷದ ಟ್ರಂಪ್ ಅವರಿಗೆ, ಶೇ 28 ಜನ ಡೆಮಾಕ್ರಟ್ ಪಕ್ಷದ ಕ್ಲಿಂಟನ್ ಅವರಿಗೆ ಹಾಕಿದ್ದರು. ಡಿಗ್ರಿ ಇದ್ದ ಬಿಳಿಯರಲ್ಲಿ ಶೇ 55 ಕ್ಲಿಂಟನ್, ಶೇ 38 ಟ್ರಂಪ್. ಇದನ್ನು ನೋಡಿ ಬುದ್ಧಿಯ ಲೆಕ್ಕ ಅಂದುಕೊಂಡರೆ ಅಲ್ಲೇ ಎಡವುತ್ತೇವೆ. ಎರಡನೇ ಮಹಾಯುದ್ಧ ಮುಗಿದ ಕಾಲದಲ್ಲಿ ಇದೇ ಅಮೆರಿಕದಲ್ಲಿ ಕಾಲೇಜು ಓದಿದವರು ಜಾಸ್ತಿ ರಿಪಬ್ಲಿಕನ್ ಕಡೆ, ಕಾರ್ಖಾನೆ ಕೆಲಸಗಾರರು ಡೆಮಾಕ್ರಟ್ ಕಡೆ ಇದ್ದರು. ಈಗ ತಿರುವು ಮುರುವು. ಬುದ್ಧಿ ಒಂದು ಗುಂಪಿನಿಂದ ಎದ್ದು ಇನ್ನೊಂದು ಗುಂಪಿಗೆ ಹೋಯ್ತಾ? ಕಾರ್ಖಾನೆ ಮುಚ್ಚಿದವು, ಸಂಘಗಳು ಸೊರಗಿದವು, ಡಿಗ್ರಿ ಇದ್ದವರಿಗೆ ಮಾತ್ರ ಒಳ್ಳೆ ಸಂಬಳ ಅನ್ನುವ ಕಾಲ ಬಂತು, ಪಕ್ಷಗಳು ಮಾತಾಡುವ ವಿಷಯಗಳೇ ಬದಲಾದವು. ಜನ ಇದ್ದಲ್ಲಿಂದ ನೋಡಿ ಓಟು ಹಾಕಿದರು.

ಕಪ್ಪು ಜನರ ವಿಷಯದಲ್ಲಂತೂ ಡಿಗ್ರಿ ಲೆಕ್ಕವೇ ಹೆಚ್ಚು ಕೆಲಸ ಮಾಡಲ್ಲ. ಓದಿದವರಿರಲಿ, ಓದದವರಿರಲಿ, ಹತ್ತರಲ್ಲಿ ಎಂಟು ಒಂಬತ್ತು ಜನ ಡೆಮಾಕ್ರಟ್ ಪಕ್ಷಕ್ಕೇ ಹಾಕುತ್ತಾ ಬಂದಿದ್ದಾರೆ. ಕುರಿ ಮಂದೆ ಥರ ಅಂತ ಹೇಳುವವರೂ ಇದ್ದಾರೆ. ಅವರಿಗೆ ಈ ಚರಿತ್ರೆ ಹೇಳಬೇಕು.

ಅಮೆರಿಕದ ಸಂವಿಧಾನ 1870ರಲ್ಲೇ ಬಣ್ಣ ನೋಡಿ ಓಟು ತಡೆಯಬಾರದು ಅಂದಿತ್ತು. ಆಗ ದಕ್ಷಿಣದ ರಾಜ್ಯಗಳು ಬಣ್ಣ ಅನ್ನೋ ಪದ ಬಿಟ್ಟು ಓದು ಅನ್ನೋ ಪದ ಹಿಡಿದವು. 1890ರಲ್ಲಿ ಮಿಸಿಸಿಪ್ಪಿ, ಸಂವಿಧಾನದ ಸಾಲು ಓದಬೇಕು ಇಲ್ಲವೇ ಓದಿಸಿ ಕೇಳಿ ಅರ್ಥ ಹೇಳಬೇಕು ಅಂತ ನಿಯಮ ಮಾಡಿತು. ಅರ್ಥ ಸರಿಯೋ ತಪ್ಪೋ ಅಂತ ತೀರ್ಮಾನ ಮಾಡುವವನು ಬಿಳಿಯ ಗುಮಾಸ್ತ. 1898ರಲ್ಲಿ ಲೂಸಿಯಾನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ನಿಮ್ಮ ಅಪ್ಪನಿಗೋ ಅಜ್ಜನಿಗೋ 1867ಕ್ಕೆ ಮೊದಲೇ ಓಟಿದ್ದರೆ ನಿಮಗೆ ಪರೀಕ್ಷೆ ಇಲ್ಲ. 1867ಕ್ಕೆ ಮೊದಲು ಅಲ್ಲಿ ಯಾವ ಕಪ್ಪು ಅಜ್ಜನಿಗೆ ಓಟಿತ್ತು ಹೇಳಿ. ಓದು ಬಾರದ ಬಿಳಿಯ ಒಳಗೆ, ಓದು ಬಂದ ಕಪ್ಪು ಮೇಷ್ಟ್ರು ಹೊರಗೆ. ಈ ಅಜ್ಜನ ನಿಯಮವನ್ನು ಸುಪ್ರೀಂ ಕೋರ್ಟ್ 1915ರಲ್ಲಿ ಹೊಡೆದು ಹಾಕಿತು, ಪರೀಕ್ಷೆಗಳು ಮಾತ್ರ ಉಳಿದವು.

1964ರಲ್ಲಿ ಲೂಸಿಯಾನದಲ್ಲಿ ಬಳಸಿದ ಒಂದು ಪರೀಕ್ಷೆಯ ಹಾಳೆ ಈಗಲೂ ನೋಡಲು ಸಿಗುತ್ತೆ. ಐದನೇ ತರಗತಿ ಓದಿದ ದಾಖಲೆ ಕೊಡಲಾಗದವರಿಗೆ ಕೊಡುತ್ತಿದ್ದ ಹಾಳೆ. 30 ಪ್ರಶ್ನೆ, 10 ನಿಮಿಷ. ಒಂದು ತಪ್ಪಾದರೂ ಫೇಲ್. ಒಂದು ಪ್ರಶ್ನೆ ಹೀಗಿದೆ: ಈ ಮೊದಲ ಸಾಲಿನಲ್ಲಿ ಒಂದು ಬಿಟ್ಟು ಒಂದು ಪದವನ್ನು ಕೂಡಕ್ಷರದಲ್ಲಿ ಬರೆ, ಅದೇ ಸಾಲಿನ ಪ್ರತಿ ಮೂರನೇ ಪದವನ್ನು ಬಿಡಿ ಅಕ್ಷರದಲ್ಲಿ ಬರೆ, ಆದರೆ ನೀನು ಬರೆಯುವ ಐದನೇ ಪದ ಮಾತ್ರ ದೊಡ್ಡಕ್ಷರದಲ್ಲಿರಲಿ. ಆರನೇ ಪದ ಬಂದಾಗ ಅದು ಎರಡಕ್ಕೂ ಸೇರುತ್ತೆ, ಏನು ಮಾಡ್ತೀರಿ? ಏನು ಮಾಡಿದರೂ ತಪ್ಪು ಅನ್ನಬಹುದು. ಅದಕ್ಕೆ ಅಂತಲೇ ಮಾಡಿದ ಪ್ರಶ್ನೆ ಅದು. ನಿಮ್ಮ ಮಕ್ಕಳ ಕೈಗೆ ಆ ಹಾಳೆ ಕೊಟ್ಟು, ಗಡಿಯಾರ ಇಟ್ಟು ಕೂರಿಸಿ ನೋಡಿ. ನೀವೂ ಕೂತ್ಕೊಳ್ಳಿ. ನಾನು ಕೂತು ನೋಡಿದ್ದೇನೆ, ಹತ್ತು ನಿಮಿಷ ಮುಗಿದಾಗ ಹನ್ನೊಂದನೇ ಪ್ರಶ್ನೆಯಲ್ಲಿದ್ದೆ.

ಪರೀಕ್ಷೆ ತೆಗೆದ ಮೇಲೆ ಏನಾಯ್ತು ಅಂತಲೂ ಹೇಳಿ. 1965ರ ಆಗಸ್ಟ್ 6ರಂದು ಮತದಾನ ಹಕ್ಕಿನ ಕಾಯ್ದೆಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು. ಅದಕ್ಕೆ ಮೊದಲು ಮಿಸಿಸಿಪ್ಪಿಯ ಕಪ್ಪು ಜನರಲ್ಲಿ ಪಟ್ಟಿಯಲ್ಲಿ ಹೆಸರಿದ್ದವರು ನೂರಕ್ಕೆ 7 ಜನವೂ ಇಲ್ಲ. ಎರಡೇ ವರ್ಷದಲ್ಲಿ ಅದು 60ರ ಹತ್ತಿರ ಬಂತು. ಎರಡು ವರ್ಷದಲ್ಲಿ ಅಷ್ಟು ಜನಕ್ಕೆ ಹೊಸದಾಗಿ ಬುದ್ಧಿ ಬಂದಿದ್ದಲ್ಲ, ಅಡ್ಡ ಇಟ್ಟಿದ್ದ ಮರದ ದಿಮ್ಮಿ ತೆಗೆದರು. ಆ ಕಾಯ್ದೆ ತಂದ ಪಕ್ಷವನ್ನು ಅವರ ಮಕ್ಕಳು ಮೊಮ್ಮಕ್ಕಳು ನೆನಪಿಟ್ಟುಕೊಂಡಿದ್ದರೆ ಅದು ಕುರಿ ಬುದ್ಧಿಯಾ?

ಈಗ ನಮ್ಮವರ ವಿಷಯ. ಅಮೆರಿಕದ ಭಾರತೀಯರಲ್ಲಿ ಸುಮಾರು ಮುಕ್ಕಾಲು ಪಾಲು ಜನಕ್ಕೆ ಡಿಗ್ರಿ ಇದೆ, ಇಡೀ ಅಮೆರಿಕ ತಗೊಂಡರೆ ಅದರ ಅರ್ಧದಷ್ಟು. ಹೆಮ್ಮೆ ಪಡಿ, ಬೇಡ ಅನ್ನಲ್ಲ. ಆದರೆ 1965ರ ಅಕ್ಟೋಬರ್‌ನಲ್ಲಿ ಬಂದ ವಲಸೆ ಕಾಯ್ದೆ, ಆಮೇಲೆ ಬಂದ ಎಚ್-1ಬಿ ಕೆಲಸದ ವೀಸಾ, ಎರಡೂ ಓದಿದವರನ್ನೇ ಜರಡಿ ಹಿಡಿದು ತಗೊಂಡವು. ನಿಮ್ಮನ್ನು ಅಲ್ಲಿಗೆ ಕರೆದದ್ದೇ ಡಿಗ್ರಿ ನೋಡಿ. ಮೇಲಿನ ಎಂಜಿನಿಯರ್ ಬೈಯುತ್ತಿರುವ ಊರಿನವರೂ ಭಾರತೀಯರೇ ತಾನೇ? ಅದೇ ಜನ, ಅದೇ ರಕ್ತ. ಜರಡಿ ಬೇರೆ.

ಆ ಜರಡಿ ನಮ್ಮನ್ನೇ ಹೊರಗೆ ಚೆಲ್ಲಿದ ಕಾಲವೂ ಇತ್ತು. ದಲೀಪ್ ಸಿಂಗ್ ಸೌಂದ್ ಅಂತ ಒಬ್ಬರು ಪಂಜಾಬಿನಿಂದ 1920ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದರು. ಬರ್ಕ್ಲಿಯಲ್ಲಿ ಗಣಿತದಲ್ಲಿ ಪಿಎಚ್.ಡಿ. ಮಾಡಿದರು. ಅಷ್ಟರಲ್ಲಿ, 1923ರಲ್ಲಿ, ಅಮೆರಿಕ ಸೇನೆಯಲ್ಲಿ ಸೇವೆ ಮಾಡಿದ್ದ ಭಗತ್ ಸಿಂಗ್ ಥಿಂಡ್ ಅನ್ನುವವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವ ಇಲ್ಲ ಅಂತ ಹೇಳಿತ್ತು. ಗಣಿತದ ಡಾಕ್ಟರ್ ಸೌಂದ್ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯ ಮಾಡಿಕೊಂಡು ವರ್ಷಗಟ್ಟಲೆ ಕಳೆದರು. ತಮಗಿಂತ ಕಮ್ಮಿ ಓದಿದ ಬಿಳಿಯ ನೆರೆಯವನು ಓಟು ಹಾಕಲು ಹೋಗುವುದನ್ನು ನೋಡುತ್ತಾ. 1946ರಲ್ಲಿ ಕಾನೂನು ಬದಲಾಯಿತು, 1949ರಲ್ಲಿ ಪೌರತ್ವ ಸಿಕ್ಕಿತು, 1956ರಲ್ಲಿ ಅವರು ಅಮೆರಿಕದ ಸಂಸತ್ತಿಗೇ ಗೆದ್ದರು. ನಿಮ್ಮ ಮಕ್ಕಳಿಗೆ ಈ ಕಥೆ ಹೇಳಿ. ಊಟದ ಮೇಜಿನ ಮೇಲೆ ಬುದ್ಧಿಯ ಮಾತು ಬಂದಾಗ ಸೌಂದ್ ಅವರ ನೆನಪಾಗಲಿ.

ಪ್ರಶ್ನೆ: ನಾನು ಕಲಬುರಗಿ ಕಡೆಯ ಹುಡುಗಿ, ಎಂಜಿನಿಯರಿಂಗ್ ಎರಡನೇ ವರ್ಷ. ಪರಿಶಿಷ್ಟ ಜಾತಿ. ಸೀಟು ಹೇಗೆ ಬಂತು ಅಂತ ಕ್ಲಾಸಿನಲ್ಲಿ ಮಾತಾಡಿಕೊಳ್ಳುತ್ತಾರೆ. ಒಬ್ಬ ಹುಡುಗ ಬುದ್ಧಿ ರಕ್ತದಲ್ಲೇ ಬರುತ್ತೆ ಅಂತ ನನಗೆ ಕೇಳುವ ಹಾಗೆ ಹೇಳಿದ. ಆವತ್ತಿಂದ ವೈವಾ (ಬಾಯಿಮಾತಿನ ಪರೀಕ್ಷೆ) ಅಂದರೆ ಗೊತ್ತಿರುವುದೂ ಮರೆತು ಹೋಗುತ್ತೆ. ನನ್ನಲ್ಲೇ ಏನೋ ಕಮ್ಮಿ ಇದೆಯಾ ಸರ್?

ಉತ್ತರ: ಇಲ್ಲಮ್ಮ. ಗೊತ್ತಿರುವುದು ಮರೆತು ಹೋಗುತ್ತೆ ಅಂದೆಯಲ್ಲ, ಅದನ್ನು ಅಳೆದು ನೋಡಿದವರಿದ್ದಾರೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅನ್ನುವ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು, ಏಳನೇ ತರಗತಿಯ ಹುಡುಗರನ್ನು ಕೂರಿಸಿ ದಾರಿ ಹುಡುಕುವ ಒಗಟು ಬಿಡಿಸಲು ಕೊಟ್ಟರು. ಮೇಲ್ಜಾತಿಯ 321 ಹುಡುಗರು, ದಲಿತ 321 ಹುಡುಗರು. ಬಿಡಿಸಿದ ಒಂದೊಂದು ಒಗಟಿಗೂ ಒಂದು ರೂಪಾಯಿ. ಜಾತಿ ಯಾರಿಗೂ ಹೇಳದೆ ಕೂರಿಸಿದಾಗ ಎರಡೂ ಕಡೆಯ ಹುಡುಗರು ಹೆಚ್ಚು ಕಮ್ಮಿ ಒಂದೇ ಸಮ ಬಿಡಿಸಿದರು. ಆಮೇಲೆ ಬೇರೆ ಗುಂಪುಗಳಲ್ಲಿ ಆಟಕ್ಕೆ ಮೊದಲು ಪ್ರತಿ ಹುಡುಗನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು, ಊರು, ಜಾತಿ ಎಲ್ಲರ ಎದುರು ಓದಿ ಹೇಳಿದರು. ಅಷ್ಟೇ ಮಾಡಿದ್ದು. ದಲಿತ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಸುಮಾರು ಐದನೇ ಒಂದರಷ್ಟು ಕುಸಿಯಿತು. ಜಾತಿ ಹೇಳದ ಗುಂಪಿನ ದಲಿತ ಹುಡುಗರಲ್ಲಿ ಇದ್ದ ಬುದ್ಧಿ ಇವರಲ್ಲಿ ಎಲ್ಲಿಗೆ ಹೋಯಿತು? ಎಲ್ಲೂ ಹೋಗಿರಲಿಲ್ಲ.

ನಿನ್ನ ಕ್ಲಾಸಿನ ಹುಡುಗ ಮಾಡಿದ್ದೂ ಅದೇ ಕೆಲಸ, ಎಲ್ಲರ ಎದುರು ಜಾತಿ ಓದಿ ಹೇಳಿದ್ದು. ಅದರ ಭಾರ ನಿನ್ನ ಮೇಲೆ ಬಿದ್ದಿದೆ. ಭಾರ ಬಿದ್ದಿದ್ದಕ್ಕೆ ನಡಿಗೆ ನಿಧಾನ ಆಗಿದೆ, ಕಾಲಿನಲ್ಲಿ ದೋಷ ಇಲ್ಲ.

ರಕ್ತದಲ್ಲಿ ಬುದ್ಧಿ ಬರುತ್ತೆ ಅನ್ನುವವರಿಗೆ ಇನ್ನೊಂದು ವಿಷಯ. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೇನೆ ಸುಮಾರು 17 ಲಕ್ಷ ಜನಕ್ಕೆ ಬುದ್ಧಿ ಪರೀಕ್ಷೆ ಮಾಡಿತು. ಅದನ್ನು ಹಿಡಿದುಕೊಂಡು ಕಾರ್ಲ್ ಬ್ರಿಗ್ಯಾಮ್ ಅನ್ನುವ ಮನಶ್ಶಾಸ್ತ್ರಜ್ಞ 1923ರಲ್ಲಿ, ಉತ್ತರ ಯುರೋಪಿನವರು ಮೇಲು, ಮಿಕ್ಕವರು ಕೆಳಗೆ ಅಂತ ಬರೆದರು. ಅದೇ ಅಂಕಿಗಳಲ್ಲಿ, ಉತ್ತರದ ಕೆಲವು ರಾಜ್ಯಗಳ ಕಪ್ಪು ಸೈನಿಕರು ದಕ್ಷಿಣದ ಕೆಲವು ರಾಜ್ಯಗಳ ಬಿಳಿಯರಿಗಿಂತ ಜಾಸ್ತಿ ಅಂಕ ತೆಗೆದಿದ್ದರು. ಉತ್ತರದಲ್ಲಿ ಶಾಲೆಗಳು ಚೆನ್ನಾಗಿದ್ದವು. 1930ರಲ್ಲಿ ಬ್ರಿಗ್ಯಾಮ್ ಅವರೇ ತಮ್ಮ ತೀರ್ಮಾನಕ್ಕೆ ಆಧಾರ ಇಲ್ಲ ಅಂತ ಬರೆದು ವಾಪಸ್ ತಗೊಂಡರು.

ವೈವಾಗೆ ಮೊದಲು ಒಂದು ಕೆಲಸ ಮಾಡು. ನಿನ್ನ ಹಾಸ್ಟೆಲ್ ಗೆಳತಿಯರ ಎದುರು ನಿಂತು ಗಟ್ಟಿಯಾಗಿ ಉತ್ತರ ಹೇಳಿ ಅಭ್ಯಾಸ ಮಾಡು, ದಿನಾ ಅರ್ಧ ಗಂಟೆ. ಆ ಹುಡುಗ ಮತ್ತೆ ಹಾಗೆ ಮಾತಾಡಿದರೆ ದಿನಾಂಕ, ಸಮಯ, ಯಾರು ಕೇಳಿಸಿಕೊಂಡರು ಅಂತ ಬರೆದಿಟ್ಟುಕೊಂಡು ಕಾಲೇಜಿನ ಎಸ್‌ಸಿ-ಎಸ್‌ಟಿ ಘಟಕಕ್ಕೆ ಲಿಖಿತ ದೂರು ಕೊಡು. ಸ್ವೀಕೃತಿ ತಗೊಳ್ಳದೆ ಬರಬೇಡ. ಮುಂದಿನ ವೈವಾ ಹೇಗಾಯ್ತು ಅಂತ ನನಗೆ ಬರಿ. ಕಾಯ್ತಾ ಇರ್ತೀನಿ.

ಪ್ರಶ್ನೆ: ನಾನು ನಾಲ್ಕನೇ ಕ್ಲಾಸ್‌ವರೆಗೆ ಓದೀನಿ. ಪತ್ರ ಮಗಳ ಕೈಲಿ ಬರೆಸೀನಿ. ಸ್ವಸಹಾಯ ಸಂಘ ಹನ್ನೆರಡು ವರ್ಷದಿಂದ ನಡೆಸ್ತೀನಿ. ಪಂಚಾಯ್ತಿ ಚುನಾವಣೆಗೆ ನಿಲ್ಲು ಅಂತ ಓಣಿಯವರು ಹೇಳ್ತಾರ. ನಾಲ್ಕನೇ ಕ್ಲಾಸಿನಾಕಿ ಏನು ಮಾಡ್ತಾಳ ಅಂತ ಕೆಲವರು ನಗ್ತಾರ. ಓದಿನ ಕಾನೂನು ಐತೇನ್ರಿ? (ಹಾವೇರಿ ಜಿಲ್ಲೆಯಿಂದ)

ಉತ್ತರ: ನಿಲ್ಲಿ ಅಕ್ಕಾ. ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿಗೆ ನಿಲ್ಲಲು ಓದಿನ ಷರತ್ತು ಇಲ್ಲ. 21 ವರ್ಷ ಆಗಿರಬೇಕು, ನಿಮ್ಮ ಪಂಚಾಯ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಪಕ್ಷದ ಚಿಹ್ನೆಯೂ ಬೇಕಿಲ್ಲ. ಅರ್ಧದಷ್ಟು ಸ್ಥಾನ ಹೆಂಗಸರಿಗೇ ಇದೆ.

ಹರಿಯಾಣದಲ್ಲಿ 2015ರಲ್ಲಿ ಅಂಥ ಕಾನೂನು ಬಂತು. ಸಾಮಾನ್ಯ ವರ್ಗದ ಗಂಡಸರಿಗೆ 10ನೇ ತರಗತಿ, ಹೆಂಗಸರಿಗೂ ಪರಿಶಿಷ್ಟ ಜಾತಿಯ ಗಂಡಸರಿಗೂ 8ನೇ ತರಗತಿ, ಪಂಚ್ (ವಾರ್ಡಿನ ಸದಸ್ಯ) ಸ್ಥಾನಕ್ಕೆ ನಿಲ್ಲುವ ಪರಿಶಿಷ್ಟ ಜಾತಿಯ ಹೆಂಗಸರಿಗೆ 5ನೇ ತರಗತಿ. ಸುಪ್ರೀಂ ಕೋರ್ಟ್ ಅದೇ ವರ್ಷ ಡಿಸೆಂಬರ್‌ನಲ್ಲಿ ಅದನ್ನು ಎತ್ತಿ ಹಿಡಿಯಿತು. ನನಗೆ ಆ ತೀರ್ಪು ಈಗಲೂ ಒಪ್ಪಿಗೆ ಆಗಿಲ್ಲ. ರಾಜಸ್ಥಾನವೂ ಅಂಥದ್ದೇ ನಿಯಮ ತಂದಿತ್ತು, 2019ರಲ್ಲಿ ತೆಗೆದು ಹಾಕಿತು. ನಗುವವರಿಗೆ ಇನ್ನೊಂದು ಮಾತು ಹೇಳಿ. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದಲ್ಲಿ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾದ ಪಂಚಾಯ್ತಿಗಳನ್ನು ರಾಘಬೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಅನ್ನುವ ಸಂಶೋಧಕರು ಅಧ್ಯಯನ ಮಾಡಿದ್ದರು. ಆ ಹೆಂಗಸರು ಗಂಡಸು ಅಧ್ಯಕ್ಷರಿಗಿಂತ ಕಮ್ಮಿ ಓದಿದವರು. ಅವರ ಪಂಚಾಯ್ತಿಗಳಲ್ಲಿ ಕುಡಿಯುವ ನೀರಿನ ಕೆಲಸ ಜಾಸ್ತಿ ಆಗಿತ್ತು. ನೀರು ಹೊರುವವರು ಯಾರು ಅಂತ ಅವರಿಗೆ ಗೊತ್ತಿತ್ತಲ್ಲ.

ಹನ್ನೆರಡು ವರ್ಷ ಸಂಘದ ಲೆಕ್ಕ ಇಟ್ಟಿದ್ದೀರಿ, ಸಾಲ ಕೊಟ್ಟು ವಸೂಲಿ ಮಾಡಿದ್ದೀರಿ. ಪಂಚಾಯ್ತಿ ಲೆಕ್ಕ ಅದರ ಅಣ್ಣ ಅಂದ್ಕೊಳ್ಳಿ. ಗೆದ್ದ ಮೇಲೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯಿಂದ ಸದಸ್ಯರಿಗೆ ತರಬೇತಿ ಇರುತ್ತೆ, ತಪ್ಪಿಸಬೇಡಿ. ಸಭೆಗೆ ಹೋಗುವ ಹಿಂದಿನ ರಾತ್ರಿ ವಿಷಯಪಟ್ಟಿಯನ್ನು ಮಗಳ ಕೈಲಿ ಓದಿಸಿ ಕೇಳಿ. ಯಾರೇ ಕಾಗದ ತಂದರೂ ಪೂರ್ತಿ ಓದಿಸಿ ಕೇಳದೆ ಸಹಿ ಹಾಕಬೇಡಿ, ‘ಆಮ್ಯಾಲೆ ನೋಡೂಣಕ್ಕಾ, ಈಗ ಹಾಕ್ರಿ’ ಅಂತ ಎಷ್ಟೇ ಅವಸರ ಮಾಡಿದರೂ. ನಾಮಪತ್ರ ತುಂಬುವಾಗ ಮತದಾರರ ಪಟ್ಟಿಯಲ್ಲಿ ಇರುವ ಹೆಸರಿಗೂ ನೀವು ಬರೆಸುವ ಹೆಸರಿಗೂ ಒಂದಕ್ಷರವೂ ವ್ಯತ್ಯಾಸ ಇಲ್ಲದ ಹಾಗೆ ಮಗಳಿಗೆ ನೋಡಲು ಹೇಳಿ. ಪಟ್ಟಿಯಲ್ಲಿ ತಪ್ಪಿದ್ದರೆ ಈಗಲೇ ತಿದ್ದಿಸಿಕೊಳ್ಳಿ, ಚುನಾವಣೆ ಘೋಷಣೆ ಆಗುವ ತನಕ ಕಾಯಬೇಡಿ.